ದೊರೆಯ ದನಿ

ತೀರಿಕೊಂಡ ಅಪ್ಪನ ಅಂಗಿಯ ಕೊನೆಯ ಗುಂಡಿ ಹಾಕುತ್ತಿದ್ದಾಗ ಬಾಗಿಲ ಬಳಿ ಯಾರೋ, "ಇವರೇನಾ?" ಎಂದದ್ದು ಮಗಳಿಗೆ ಕೇಳಿಸಿತು. ಬೆಳಿಗ್ಗೆಯಿಂದ ಅದು ಮೂರನೆಯ ಸಲ. ಹದಿನೆಂಟು ವರ್ಷ ರೇಡಿಯೋ ಧಾರಾವಾಹಿಯಲ್ಲಿ ಕೇಳುಗರನ್ನು ನಡುಗಿಸಿದ ಖಳನಾಯಕ 'ದೊರೆ' ಆರಡಿ ಆಳೆಂದುಕೊಂಡು ಬಂದವರಿಗೆ ಈ ಬಡಕಲು ಗುಮಾಸ್ತನನ್ನು ಕಂಡು ನಂಬಿಕೆಯೇ ಬರುತ್ತಿರಲಿಲ್ಲ.

"ದೊರೆಯಂತೆ ದೊರೆ," ಎಂದು ಅತ್ತೆ ಕಣ್ಣೊರೆಸಿಕೊಂಡಳು. "ಬೆಕ್ಕು ಕುರ್ಚಿ ಮೇಲೆ ಮಲಗಿದ್ರೆ ನಮ್ಮಣ್ಣ ನಿಂತ್ಕೊಂಡೇ ಊಟ ಮಾಡ್ತಿದ್ದ."

ಆಕಾಶವಾಣಿಯಲ್ಲಿ ಧ್ವನಿಮುದ್ರಣ ಮಾಡುತ್ತಿದ್ದ ಮುದುಕರು ಚೀಲದಲ್ಲಿ ಸ್ಪೀಕರ್ ತಂದಿದ್ದರು. ಗಾಡಿ ಹೊರಡುವ ಮುಂಚೆ ಕೊನೆಯ ಕಂತನ್ನು ಐದು ನಿಮಿಷ ಕೇಳಿಸಬಹುದೇ ಎಂದು ಕೇಳಿದರು.

"ಬೇಡ ಅಂಕಲ್," ಎಂದಳು ಮಗಳು. "ಒಡಹುಟ್ಟಿದ ತಮ್ಮನಿಗೇ ವಿಷ ಹಾಕಿದವನ ದನಿ ಅದು. ಇವತ್ತಾದ್ರೂ ಅಪ್ಪ ಅಪ್ಪನಾಗೇ ಹೋಗ್ಲಿ."

ಶಾಲೆಯಲ್ಲಿ 'ಖಳನ ಮಗಳು' ಎನಿಸಿಕೊಂಡದ್ದು ಸಾಕಾಗಿತ್ತು. ಅಪ್ಪನ ಕೊನೆಯ ದಿನವನ್ನೂ ಆ ದೊರೆ ಕಸಿದುಕೊಳ್ಳುವುದು ಅವಳಿಗೆ ಬೇಡವಾಗಿತ್ತು. ಮುದುಕರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು.

ಗೋಡೆಯ ಪಕ್ಕ ನಿಂತಿದ್ದ ಅಪರಿಚಿತ ಹೆಂಗಸು ಹತ್ತಿರ ಬಂದಳು. ದಿನಾ ಮೂರು ಗಂಟೆಗೆ ಇಸ್ತ್ರಿ ಮಾಡುತ್ತಾ ದೊರೆಯನ್ನು ಕೇಳುತ್ತಿದ್ದಳಂತೆ.

"ಅವನು ಕೆಟ್ಟವನು ಅಂತ ನಂಗೊತ್ತಿಲ್ವೇನಮ್ಮಾ?" ಎಂದಳು ಮೆಲ್ಲಗೆ. "ಆದ್ರೆ ಅವನ ಮಾತನ್ನ ಯಾರೂ ಮಧ್ಯದಲ್ಲಿ ತಡೀತಿರ್ಲಿಲ್ಲ. ಶುರು ಮಾಡಿದ್ದನ್ನ ಮುಗಿಸ್ತಿದ್ದ. ನಮ್ಮನೇಲಿ ಒಂದು ಮಾತು ಪೂರ್ತಿ ಆಡೋಕೆ ನನಗಿನ್ನೂ ಆಗಿಲ್ಲ."

ಮಗಳು ಅಪ್ಪನ ಮುಚ್ಚಿದ ಬಾಯಿಯನ್ನೇ ನೋಡಿದಳು.

*

ಅವಳಿಗೆ ಆಗ ಹತ್ತು ವರ್ಷ. ಶಾಲೆಗೆ ರಜೆಯೆಂದು ಅಪ್ಪ ಕಚೇರಿಗೆ ಕರೆದೊಯ್ದಿದ್ದ. ಕಾಣೆಯಾದ ಕಡತದ ಬಗ್ಗೆ ಅವನು ಮೂರು ಸಲ ಬಾಯಿ ತೆರೆದ. ಸಾಹೇಬರು ಮೂರು ಸಲವೂ ಬಾಯಿ ಮುಚ್ಚಿಸಿದರು. "ಇರಲಿ ಬಿಡಿ ಸಾರ್," ಎಂದು ಹಿಂದೆ ಸರಿದ. ಮನೆಯಲ್ಲೂ ಅವನ ಮಾತುಗಳೆಲ್ಲ ಅರ್ಧಕ್ಕೆ ನಿಂತು 'ಇರಲಿ ಬಿಡಿ'ಯಲ್ಲಿ ಕೊನೆಯಾಗುತ್ತಿದ್ದವು.

ಮಧ್ಯಾಹ್ನ ಸ್ಟುಡಿಯೋದಲ್ಲಿ, ಸದ್ದಾಗದಿರಲೆಂದು ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಮೈಕಿನ ಮುಂದೆ ನಿಂತ. ಕೆಂಪು ದೀಪ ಹತ್ತಿತು. ಇಡೀ ಪುಟದ ಮಾತನ್ನು ಅಪ್ಪ ಅವಸರವಿಲ್ಲದೆ, ದನಿಯೇರಿಸದೆ ಆಡಿದ. ಗಾಜಿನ ಈಚೆ ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಮುಗಿದಾಗ ಅವಳೇ ಮೊದಲು ಚಪ್ಪಾಳೆ ತಟ್ಟಿದ್ದಳು.

ದೀಪ ಆರಿದೊಡನೆ ಅಪ್ಪ ಹೊರಬಂದು, "ಸ್ವಲ್ಪ ಜಾಸ್ತಿಯಾಯ್ತೇನೋ…" ಎಂದಿದ್ದ. ಮುಖ ಮಾತ್ರ ಹೊಳೆಯುತ್ತಿತ್ತು.

*

ಗಾಡಿ ಬಂತು. ನಾಲ್ವರು ಚಟ್ಟಕ್ಕೆ ಕೈ ಹಾಕಲು ಬಾಗಿದರು.

"ಒಂದು ನಿಮಿಷ," ಎಂದಳು ಮಗಳು. ಮುದುಕರ ಕಡೆ ತಿರುಗಿ, "ಹಾಕಿ ಅಂಕಲ್. ಪೂರ್ತಿ ಹಾಕಿ," ಎಂದಳು.

ಸ್ಪೀಕರ್ ಗರಗರ ಎಂದಿತು. ಆಮೇಲೆ ಆ ದನಿ ನಿಧಾನವಾಗಿ ಕೋಣೆಯನ್ನು ತುಂಬಿತು. ಬಾಗಿದ್ದವರು ನೆಟ್ಟಗಾದರು. ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡಳು.

ಗೇಟಿನಾಚೆ ಸ್ಕೂಟರ್ ಹಾರನ್ ಎರಡು ಸಲ ಕೂಗಿತು. ಇಸ್ತ್ರಿಯ ಹೆಂಗಸಿನ ಗಂಡ ಹೆಲ್ಮೆಟ್ ಹಿಡಿದು ಹೊಸ್ತಿಲವರೆಗೂ ಬಂದ.

"ಏನೇ, ಇನ್ನೂ ಎಷ್ಟು ಹೊತ್ತು ಅಂತ ನಾನು ಇಲ್ಲಿ—"

ಅವಳು ತಿರುಗಿ ನೋಡಲಿಲ್ಲ. ದೊರೆಯ ಮೇಲಿಟ್ಟ ಕಣ್ಣು ಕದಲಿಸದೆ ಬಲಗೈಯನ್ನು ಹಿಂದಕ್ಕೆ ಚಾಚಿ, ನಿಲ್ಲು ಎಂಬಂತೆ ಅಂಗೈ ಅಗಲಿಸಿ ಹಿಡಿದಳು.