ಎಪ್ಪತ್ತನಾಲ್ಕು ಕೆಜಿ ಸೆಟ್ಟಿಂಗ್

ಬೈಕಿನ ಮುಂದಿನ ಚಕ್ರವನ್ನು ಎಡಬಲಗಳಲ್ಲಿ ನಿಂತು ಹಿಡಿದುಕೊಂಡಿರುವ ಎರಡು ಕೊಳವೆಗಳಿಗೆ ಫೋರ್ಕ್ ಎನ್ನುತ್ತಾರೆ. ಅದನ್ನು ಬಿಚ್ಚುವುದು, ತೊಳೆಯುವುದು, ಮತ್ತೆ ಜೋಡಿಸುವುದು ನನ್ನ ಕಸುಬು. ಹದಿನಾರು ವರ್ಷವಾಯಿತು. ಶೋರೂಮಿನ ಹಿಂಭಾಗದಲ್ಲಿ, ಹೆಲ್ಮೆಟ್ ಗೋದಾಮಿಗೂ ಬಚ್ಚಲಿಗೂ ನಡುವೆ ಇರುವ ಹತ್ತಡಿ ಕೋಣೆ ನನ್ನದು. ಒಂದು ಬೆಂಚು, ಒಂದು ಕಿಟಕಿ, ಎಣ್ಣೆ ಕುಡಿದು ಕಪ್ಪಾದ ನೆಲ. ಆ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರೆ ನಾನು ಮಹಾರಾಣಿ, ಯಾರಪ್ಪನ ಮಾತನ್ನೂ ಕೇಳಬೇಕಾಗಿಲ್ಲ.

ಕೆಲಸ ಶುರುಮಾಡುವ ಮೊದಲು ನಾನು ಕೇಳುವುದು ಒಂದೇ ಪ್ರಶ್ನೆ. ಬೂಟು, ಹೆಲ್ಮೆಟ್ ಎಲ್ಲ ಸೇರಿ ನಿಮ್ಮ ತೂಕ ಎಷ್ಟು? ಫೋರ್ಕಿನೊಳಗಿನ ಸ್ಪ್ರಿಂಗ್ ಎಷ್ಟು ಗಟ್ಟಿ ಇರಬೇಕು ಅನ್ನುವುದು ಅದರ ಮೇಲೆ ನಿಂತಿದೆ. ಭಾರದವನ ಕೆಳಗೆ ಮೆತ್ತನೆ ಸ್ಪ್ರಿಂಗ್ ಹಾಕಿದರೆ ಬೈಕು ಹಳ್ಳಕ್ಕೆ ಇಳಿದಾಗಲೆಲ್ಲ ತಳಕ್ಕೆ ಬಡಿಯುತ್ತದೆ. ಹಗುರದವನ ಕೆಳಗೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಹಲ್ಲು ಕಟಕಟ ಅನ್ನುತ್ತವೆ. ಇಷ್ಟು ಸರಳ. ಆದರೆ ಅರವತ್ತಡಿ ಕಂದಕವನ್ನು ಹಾರಿ ದಾಟುವ ಗಂಡಸರೂ ಈ ಪ್ರಶ್ನೆಗೆ ಉತ್ತರ ಕೊಡುವಾಗ ಛಾವಣಿ ನೋಡುತ್ತಾರೆ. ಗೋಡೆಯ ಮೇಲಿನ ಕಪ್ಪು ಹಲಗೆಯಲ್ಲಿ ನಮ್ಮ ಬೈಕ್ ಕ್ಲಬ್ಬಿನ ಎಲ್ಲರ ತೂಕವೂ ಸೀಮೆಸುಣ್ಣದಲ್ಲಿ ಬರೆದಿದೆ. ಅದರಲ್ಲಿ ಎಷ್ಟು ನಿಜ, ಎಷ್ಟು ಆಸೆ ಅನ್ನುವುದು ದೇವರಿಗೇ ಗೊತ್ತು.

ಕಟ್ಟಕಡೆಯ ಸಾಲಿನಲ್ಲಿ ನನ್ನದೂ ಇದೆ, ಐವತ್ತೆಂಟು. ನನ್ನ ಸ್ವಂತ ಬೈಕಿನ ಮುಂಭಾಗ ಎರಡು ವರ್ಷದಿಂದ ಯಾಕೋ ಮುಗ್ಗರಿಸುತ್ತಿದೆ. ನಾಲ್ಕು ಸಲ ಫೋರ್ಕಿನ ಎಣ್ಣೆ ಬದಲಿಸಿದ್ದೇನೆ. ಈಗಿನ ಎಣ್ಣೆಗಳೇ ಸರಿಯಿಲ್ಲ.

ಒಂದು ಸಲ ಶೋರೂಮಿಗೆ ಮೂರು ಹೊಸ ಬೈಕುಗಳು ಬಂದಿಳಿದವು. ಮೂರೂ ಕಾಡುದಾರಿಯ ಬೈಕುಗಳೇ, ಆದರೆ ಫೋರ್ಕ್ ಮಾತ್ರ ಮೂರು ತರ. ಒಂದರಲ್ಲಿ ಸ್ಪ್ರಿಂಗಿನ ಬದಲು ಬರೀ ಗಾಳಿ, ಕೈಪಂಪಿನಿಂದ ತುಂಬಬೇಕು. ಇನ್ನೊಂದರಲ್ಲಿ ಒಳ್ಳೆಯ ಉಕ್ಕಿನ ಸ್ಪ್ರಿಂಗ್. ಮೂರನೆಯದರಲ್ಲಿ ಹೇಗೋ ನಡೆದುಹೋಗಲಿ ಅನ್ನುವಂಥ ಅಗ್ಗದ ಸ್ಪ್ರಿಂಗ್. ಮೂರನ್ನೂ ಓಡಿಸಿ ಹೋಲಿಸಿ, ಒಂದನ್ನು ಆರಿಸಿ, ಅದನ್ನೇ ಮಾರುವುದು ಎಂದು ಮಾಲೀಕರು ತೀರ್ಮಾನಿಸಿದರು.

"ಓಡಿಸೋದು ನಿಮ್ಮಣ್ಣ. ಸೆಟ್ಟಿಂಗ್ ನಿಮ್ಮದು," ಎಂದರು. "ಆದ್ರೆ ಮೇಡಂ, ಒಂದ್ ಮಾತು. ಈಗಿನ ಬೈಕ್ ಎಲ್ಲ ಕಂಪನೀಲೇ ಸೆಟ್ ಆಗಿ ಬರತ್ತಂತೆ. ನಿಮ್ ಕೆಲಸದಿಂದ ಏನಾದ್ರೂ ಫರಕ್ ಕಾಣಿಸಿದ್ರೆ ಸರಿ. ಇಲ್ಲಾಂದ್ರೆ ಆ ರೂಮಲ್ಲಿ ಹೆಲ್ಮೆಟ್ ಜೋಡಿಸ್ತೀನಿ."

ಹೆಲ್ಮೆಟ್ಟುಗಳಿಗೆ ಈಗಾಗಲೇ ಒಂದು ಗೋದಾಮಿದೆ. ಅವಕ್ಕೇನು ಕಿಟಕಿ ಬೇಕೆ?

ನಮ್ಮಣ್ಣ ಎಂದರೆ ಊರಿಗೆಲ್ಲ 'ಚಾಂಪಿಯನ್'. ಹದಿನಾಲ್ಕು ವರ್ಷದ ಹಿಂದೆ ದೊಡ್ಡ ರೇಸ್ ಗೆದ್ದವನು. ಆ ಜೆರ್ಸಿಯನ್ನು ಇವತ್ತಿಗೂ ಹಾಕಿಕೊಂಡೇ ತಿರುಗುತ್ತಾನೆ. ನನಗೆ ಸೈಕಲ್ ಕಲಿಸಿದವನು, ಬೈಕ್ ಕಲಿಸಿದವನು, ಹುಡುಗಿಗೆ ಸ್ಪ್ಯಾನರ್ ಯಾಕೆ ಎಂದ ಅಪ್ಪನ ಎದುರು ನಿಂತು ಜಗಳವಾಡಿದವನು ಅವನೇ. ಅವನ ಮೇಲೆ ನನಗೆ ಪ್ರಾಣ. ಆದ್ದರಿಂದಲೇ ಅವನು ಫಾರಂ ತುಂಬಿ ಕೊಟ್ಟಾಗ ನಾನು ಜಗಳಕ್ಕಿಳಿಯಲಿಲ್ಲ. ತೂಕ ಎಂಬಲ್ಲಿ ಎಪ್ಪತ್ತನಾಲ್ಕು ಎಂದು ಬರೆದಿದ್ದ.

"ಅಣ್ಣ, ಇದು ಈಗಿಂದಾ?"

"ಇನ್ನೇನು ಮುಂದಿನ ಜನ್ಮದ್ದಾ? ಚಾಂಪಿಯನ್ ತೂಕ ಪುಟ್ಟಿ, ಅದು ಬದಲಾಗಲ್ಲ."

"ಒಂದ್ಸಲ ಅಜ್ಜಿ ಮೇಲೆ ಕೂತ್ಕೋ, ನೋಡ್ಬಿಡೋಣ."

ಅಜ್ಜಿ ಎಂದರೆ ನನ್ನ ಕೋಣೆಯಲ್ಲಿರುವ ಹಳೆಯ ಬೈಕು. ಅದರ ಫೋರ್ಕಿನ ಹೊಳೆಯುವ ಕೊಳವೆಗೆ ಒಂದು ರಬ್ಬರ್ ಬಳೆ ತೊಡಿಸಿದ್ದೇನೆ. ಯಾರಾದರೂ ಕೂತರೆ ಫೋರ್ಕ್ ತಗ್ಗಿ ಬಳೆಯನ್ನು ಕೆಳಕ್ಕೆ ತಳ್ಳುತ್ತದೆ. ಪಕ್ಕದ ಪ್ಲಾಸ್ಟಿಕ್ ಕವಚದ ಮೇಲೆ ಅರವತ್ತು, ಎಪ್ಪತ್ತು, ಎಂಬತ್ತು ಎಂದು ನಾನು ಗೆರೆ ಎಳೆದಿದ್ದೇನೆ. ಬಳೆ ಎಲ್ಲಿ ನಿಂತಿತೋ ಅಷ್ಟು ತೂಕ. ಅಜ್ಜಿಗೆ ಮುಖದಾಕ್ಷಿಣ್ಯ ಎಂಬುದಿಲ್ಲ.

"ನಂಬರ್ ಕೊಟ್ಟಿದ್ದೀನಲ್ಲ," ಎಂದು ಅಣ್ಣ ಹೆಲ್ಮೆಟ್ ಎತ್ತಿಕೊಂಡು ಹೊರಟೇಬಿಟ್ಟ.

ಎಪ್ಪತ್ತನಾಲ್ಕಕ್ಕೇ ಸೆಟ್ ಮಾಡಿದೆ. ಭಾನುವಾರ ಬೆಳಿಗ್ಗೆ ಊರಾಚೆಯ ಕಲ್ಲುಗಣಿಯ ಹಿಂದಿನ ದಾರಿಯಲ್ಲಿ ಪರೀಕ್ಷೆ ನಡೆಯಿತು. ಗಾಳಿಯ ಫೋರ್ಕ್ ಬ್ರೇಕ್ ಹಿಡಿದಾಗಲೆಲ್ಲ ಸಾಷ್ಟಾಂಗ ನಮಸ್ಕಾರ ಹಾಕಿತು. ಒಳ್ಳೆಯ ಸ್ಪ್ರಿಂಗಿನದು ಮೊದಲ ದಿಬ್ಬ ಹಾರಿ ಇಳಿದಾಗ ಢಣ್ ಎಂದ ಸದ್ದು ನಾನು ನಿಂತಲ್ಲಿಗೆ ಕೇಳಿಸಿತು. ಅಗ್ಗದ್ದು ಅಣ್ಣನನ್ನು ಪೊದೆಗೆ ತಲುಪಿಸಿ ತಾನು ದಾರಿಯಲ್ಲೇ ಮಲಗಿತು. ಮೂರೂ ಬೈಕುಗಳಿಗೆ ನಾನು ತೊಡಿಸಿದ್ದ ರಬ್ಬರ್ ಬಳೆಗಳು ತಳ ಮುಟ್ಟಿ ಕೂತಿದ್ದವು.

"ಮೂರೂ ಡಬ್ಬ!" ಎಂದು ಅಣ್ಣ ಕೂದಲಿನಿಂದ ಮುಳ್ಳು ಕೀಳುತ್ತ ತೀರ್ಪು ಕೊಟ್ಟ. "ಸೆಟ್ಟಿಂಗೇ ಸರಿಯಿಲ್ಲ!"

ಮಾಲೀಕರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಾಲಾಗಿ ಜೋಡಿಸಿದ ಹೆಲ್ಮೆಟ್ಟುಗಳು ಕಾಣಿಸಿದವು. "ಮುಂದಿನ ಭಾನುವಾರ ಇನ್ನೊಂದ್ ಚಾನ್ಸ್ ಮೇಡಂ," ಎಂದರು. "ಅದೇ ಕೊನೆ."

ಅಂದು ಮಧ್ಯಾಹ್ನವೇ ಅತ್ತಿಗೆಯ ಮನೆಗೆ ಓಡಿದೆ. ಅಣ್ಣ ಮನೆಯಲ್ಲಿರಲಿಲ್ಲ. ಅತ್ತಿಗೆ ಹೊಲಿಗೆ ಯಂತ್ರದ ಮುಂದೆ ಕೂತು ಅವನ ಜೆರ್ಸಿಯ ಪಕ್ಕೆ ಬಿಚ್ಚುತ್ತಿದ್ದಳು.

"ಅತ್ತಿಗೆ, ನಿಜ ಹೇಳು. ಅಣ್ಣ ಎಷ್ಟು ತೂಕ ಇದಾನೆ?"

"ನನಗೇನು ಗೊತ್ತು ಮಾರಾಯ್ತಿ? ತೂಕದ ಯಂತ್ರದ ಬ್ಯಾಟರಿ ಕಿತ್ತು ಟಿವಿ ರಿಮೋಟಿಗೆ ಹಾಕಿದ್ದಾರೆ. ರಿಮೋಟಿನ ಬ್ಯಾಟರಿ ಚೆನ್ನಾಗೇ ಇತ್ತು." ಅವಳು ದನಿ ತಗ್ಗಿಸಿದಳು. "ನೀನು ಯಾರಿಗೂ ಹೇಳಬಾರ್ದು. ಈ ಜೆರ್ಸಿಗೆ ಪಕ್ಕದಲ್ಲಿ ಪಟ್ಟಿ ಸೇರಿಸ್ತಾ ಇರೋದು ಇದು ಐದನೇ ಸಲ. ಪ್ಯಾಂಟು ಹೊಸದು ತಂದಾಗೆಲ್ಲ ಹಳೇದರ ಅಳತೆ ಚೀಟಿ ಕಿತ್ತು ಅದಕ್ಕೆ ಹೊಲಿದುಕೊಡ್ತೀನಿ. ಒಗೆದೂ ಒಗೆದೂ ಚೀಟಿಯೇ ಸವೆದುಹೋಗಿದೆ. ಆದ್ರೆ ಸಂಸಾರ ತಣ್ಣಗಿದೆ."

ಹದಿನಾಲ್ಕು ವರ್ಷದಿಂದ ಒಂದು ಚೀಟಿಯನ್ನು ಪ್ಯಾಂಟಿನಿಂದ ಪ್ಯಾಂಟಿಗೆ ದಾಟಿಸುತ್ತಿರುವ ಈ ಹೆಂಗಸಿಗೆ ಏನು ಹೇಳುವುದು? ಕಾಫಿ ಕುಡಿದು ಎದ್ದು ಬಂದೆ.

ಮರುದಿನ ಅಣ್ಣ ಕೋಣೆಗೆ ಬಂದಾಗ ನಾನು ಅಜ್ಜಿಯ ಹಿಂದಿನ ಚಕ್ರದ ಹತ್ತಿರ ಕೂತು ಏನೋ ಬಿಗಿಯುವ ನಾಟಕ ಆಡಿದೆ. "ಅಣ್ಣ, ಈ ನಟ್ಟು ಅಲ್ಲಾಡ್ತಿದೆ. ಸ್ವಲ್ಪ ಕೂತು ಗಟ್ಟಿಯಾಗಿ ಹಿಡ್ಕೋ, ಪ್ಲೀಸ್." ತಂಗಿ ಸಹಾಯ ಕೇಳಿದರೆ ಇಲ್ಲ ಅನ್ನುವವನಲ್ಲ. ಬೂಟು, ಹೆಲ್ಮೆಟ್ ಸಮೇತ ಕೂತ. ಅಜ್ಜಿ ಉಸ್ಸೆಂದಳು. ಅವನು ಇಳಿದು ಹೋದ ಮೇಲೆ ಮುಂದೆ ಬಂದು ಬಗ್ಗಿ ನೋಡಿದೆ. ಬಳೆ ತೊಂಬತ್ತರ ಗೆರೆಯನ್ನೂ ದಾಟಿ ಕೆಳಗೆ ನಿಂತಿತ್ತು. ತೊಂಬತ್ತಾರು.

ಇಡೀ ವಾರ ಕೂತು ಮೂರೂ ಫೋರ್ಕುಗಳನ್ನು ತೊಂಬತ್ತಾರಕ್ಕೆ ಕಟ್ಟಿದೆ. ಗಾಳಿಯದಕ್ಕೆ ಗಾಳಿ ಏರಿಸಿದೆ, ಉಳಿದ ಎರಡಕ್ಕೆ ಗಟ್ಟಿ ಸ್ಪ್ರಿಂಗ್ ಹಾಕಿದೆ. ಆಮೇಲೆ ಪ್ರತಿ ಬೈಕಿಗೂ ತೂಗುಹಾಕುವ ಚೀಟಿ ಬರೆಯಬೇಕಲ್ಲ. ಸ್ಪ್ರಿಂಗಿನ ನಂಬರನ್ನು ಸುಳ್ಳು ಬರೆಯಲು ಕೈ ಬರಲಿಲ್ಲ. ಇದ್ದದ್ದನ್ನು ಇದ್ದಂತೆ ಬರೆದೆ. ಸವಾರನ ತೂಕ ಎಂಬಲ್ಲಿ ಮಾತ್ರ ಎಪ್ಪತ್ತನಾಲ್ಕು ಎಂದೆ. ಅಣ್ಣನ ಮರ್ಯಾದೆಯೂ ಉಳಿಯಿತು, ನನ್ನ ಕೋಣೆಯೂ ಉಳಿಯಿತು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಎರಡನೆಯ ಭಾನುವಾರ ಅಣ್ಣ ನಿಜಕ್ಕೂ ಹಾರಿದ. ಗಾಳಿಯದು ಬೆಳಿಗ್ಗೆ ಬೆಣ್ಣೆಯ ಹಾಗಿತ್ತು, ಬಿಸಿಲೇರಿದಂತೆ ಬಿಗಿಯಾಯಿತು. ಅಗ್ಗದ್ದು ತನ್ನ ಯೋಗ್ಯತೆಗೆ ತಕ್ಕ ಹಾಗೆ ನಡೆದುಕೊಂಡಿತು. ಒಳ್ಳೆಯ ಸ್ಪ್ರಿಂಗಿನದು ಮಾತ್ರ ಬೇರೆಯೇ. ಕಲ್ಲಿನ ಮೇಲೆ ಚಾಪೆ ಹಾಸಿದ್ದಾರೋ ಎಂಬಂತೆ ಹೋಗಿ ಬಂದ. ಹೆಲ್ಮೆಟ್ ತೆಗೆದಾಗ ಕಣ್ಣು ಒದ್ದೆಯಾಗಿತ್ತು.

"ಪುಟ್ಟಿ, ಹದಿನಾಲ್ಕು ವರ್ಷ ಹಿಂದಕ್ಕೆ ಹೋಗಿಬಂದೆ ಕಣೇ," ಎಂದ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮಾಲೀಕರು ಆ ಬೈಕನ್ನೇ ಆರಿಸಿ, ಅದಕ್ಕೆ ತೂಗುಹಾಕಿದ್ದ ನನ್ನ ಚೀಟಿಯ ಫೋಟೋ ತೆಗೆದರು. ಅದನ್ನು ದೊಡ್ಡದಾಗಿ ಅಚ್ಚು ಹಾಕಿಸಿ, 'ಚಾಂಪಿಯನ್ ಸೆಟ್ಟಿಂಗ್ – 74 ಕೆಜಿ' ಎಂದು ಶೋರೂಮಿನ ಗಾಜಿಗೆ ಅಂಟಿಸಿದರು. ಅದೇ ಫೋಟೋವನ್ನು ಬೈಕು ಕಳಿಸುವ ಗೋದಾಮಿಗೂ ಕಳಿಸಿ, ಆರು ಬೈಕುಗಳನ್ನು ಅದೇ ಸ್ಪ್ರಿಂಗ್ ಹಾಕಿಯೇ ತರಿಸಿದರು. ಬಂದ ದಿನ ನಾನು ಅಡ್ಡ ನಿಂತೆ.

"ಸರ್, ಒಬ್ಬೊಬ್ಬರ ತೂಕಕ್ಕೂ ಒಂದ್ಸಲ ನೋಡಿ ಕೊಡ್ತೀನಿ."

"ಕೈ ಹಚ್ಚಬೇಡಿ ಮೇಡಂ! ಚಾಂಪಿಯನ್ ಸೆಟ್ಟಿಂಗ್ ಅದು. ಕೊಳ್ಳೋರೆಲ್ಲ ಎಪ್ಪತ್ತು ಎಪ್ಪತ್ತೈದರ ಆಸುಪಾಸಿನವರೇ. ನಾನೇ ಎಪ್ಪತ್ಮೂರು. ಮೊದಲನೇ ಬೈಕ್ ನಂದೇ."

ಇಂಗು ತಿಂದ ಮಂಗನ ಹಾಗೆ ನಿಂತೆ. ಅದು ತೊಂಬತ್ತಾರರ ಸ್ಪ್ರಿಂಗ್ ಎನ್ನಬೇಕಾದರೆ ಅಣ್ಣನನ್ನು ಬಿಟ್ಟುಕೊಡಬೇಕಿತ್ತು.

ಮೂರನೆಯ ಭಾನುವಾರ ಬೈಕು ಕೊಂಡ ಆರೂ ಜನ ಒಟ್ಟಿಗೆ ಕಾಡುದಾರಿಗೆ ಹೋದರು. ಹನ್ನೊಂದು ಗಂಟೆಗೆ ಹೊರಟವರು ಹನ್ನೆರಡಕ್ಕೆ ಬೈಕು ತಳ್ಳಿಕೊಂಡು ವಾಪಸ್ಸು ಬಂದರು. ಅಂಚೆಯಣ್ಣನ ಕೈ ಎಷ್ಟು ನಡುಗುತ್ತಿತ್ತೆಂದರೆ ಕೊಟ್ಟ ನೀರಿನಲ್ಲಿ ಅರ್ಧ ಅವನ ಶರ್ಟು ಕುಡಿಯಿತು. ಕ್ಲಬ್ಬಿನ ಗಣಿತ ಮೇಷ್ಟ್ರು ಕುರ್ಚಿ ಬೇಡವೆಂದು ಗೋಡೆ ಹಿಡಿದು ನಿಂತರು. ಮಾಲೀಕರು ಕೊನೆಗೆ ಬಂದರು. ಅವರ ಮುಂದಿನ ಕಟ್ಟಿಸಿದ ಹಲ್ಲು ಬಾಯಲ್ಲಿರಲಿಲ್ಲ, ಕರವಸ್ತ್ರದಲ್ಲಿತ್ತು.

"ಮೇಡಂ," ಎಂದರು. ಹಲ್ಲಿಲ್ಲದ ಸಂದಿನಿಂದ ಗಾಳಿ ಬಂತು, ಆದರೆ ಸಿಟ್ಟು ಸ್ಪಷ್ಟವಾಗಿತ್ತು. "ಇದು ಫೋರ್ಕಾ, ಒನಕೆಯಾ? ನಾಳೆ ರೂಮು ಖಾಲಿ ಮಾಡಿ."

ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲಲ್ಲಿ ಅಣ್ಣ ಕಾಣಿಸಿದ. ಅತ್ತಿಗೆ ಹೊಸ ಪಟ್ಟಿ ಸೇರಿಸಿದ ಜೆರ್ಸಿ ತೊಟ್ಟುಕೊಂಡು, ಹೊಗಳಿಕೆ ಕೇಳಲು ಬಂದಿದ್ದ. ಮುಖದಲ್ಲಿ ಆ ಭಾನುವಾರದ ಬೆಳಕು ಇನ್ನೂ ಆರಿರಲಿಲ್ಲ. ಹೇಗೆ ಹೇಳಲಿ? ಅಪ್ಪನ ಎದುರು ನನಗೋಸ್ಕರ ನಿಂತಿದ್ದ ಮನುಷ್ಯ.

"ತಪ್ಪು ನಂದೇ ಸರ್," ಎಂದೆ. "ಸ್ಪ್ರಿಂಗ್ ಆರಿಸೋದ್ರಲ್ಲಿ ಎಡವಟ್ಟಾಯ್ತು. ನಾಳೆ ಖಾಲಿ ಮಾಡ್ತೀನಿ."

ಕೋಣೆಗೆ ಹೋಗಿ ಸ್ಪ್ಯಾನರುಗಳನ್ನು ಪೆಟ್ಟಿಗೆಗೆ ತುಂಬತೊಡಗಿದೆ. ಅಳಬಾರದೆಂದುಕೊಂಡಿದ್ದೆ. ಅತ್ತುಬಿಟ್ಟೆ.

ಅಣ್ಣ ಗಾಜಿನ ಮುಂದೆ ನಿಂತು ಅಚ್ಚು ಹಾಕಿಸಿದ ಚೀಟಿಯನ್ನು ಓದುತ್ತಿದ್ದನಂತೆ. ಚಾಂಪಿಯನ್ನನಿಗೆ ಸ್ಪ್ರಿಂಗಿನ ನಂಬರ್ ನೋಡಿದರೆ ಅದು ಎಷ್ಟು ತೂಕದವನಿಗೆ ಎಂದು ತಿಳಿಯದೇ ಇರುತ್ತದೆಯೆ? ಎರಡು ಸಲ ಓದಿ, ಸೀದಾ ಕೋಣೆಗೆ ಬಂದ. ಹಿಂದೆಯೇ ಮಾಲೀಕರು, ಮೇಷ್ಟ್ರು, ಅಂಚೆಯಣ್ಣ, ಉಳಿದವರು. ಯಾರ ಮುಖವನ್ನೂ ನೋಡದೆ ಅಜ್ಜಿಯ ಬಳೆಯನ್ನು ಮೇಲಕ್ಕೆ ಸರಿಸಿ, ಹೆಲ್ಮೆಟ್ ಹಾಕಿಕೊಂಡು, ಅಜ್ಜಿಯ ಮೇಲೆ ಕೂತ. ಅಜ್ಜಿ ಉಸ್ಸೆಂದಳು. ಅವನು ಇಳಿದ.

"ಮೇಷ್ಟ್ರೇ, ಬಳೆ ಎಲ್ಲಿದೆ ಓದಿ. ಗಟ್ಟಿಯಾಗಿ."

ಮೇಷ್ಟ್ರು ಸೊಂಟ ಹಿಡಿದುಕೊಂಡು ಬಗ್ಗಿದರು. "ತೊಂಬತ್ತು... ತೊಂಬತ್ತಾರು."

ಅಣ್ಣನ ಕಿವಿ ಕೆಂಪಾಗಿತ್ತು.

"ಎಪ್ಪತ್ತನಾಲ್ಕು ಅಂತ ಸುಳ್ಳು ಬರೆದವನು ನಾನು," ಎಂದ. "ಇವಳು ಅದನ್ನ ಮುಚ್ಚಿಟ್ಟಳು. ನಿಮ್ಮ ಹಲ್ಲು ಬಿದ್ದಿದ್ದು ನನ್ನಿಂದ ಸರ್. ಆದ್ರೆ ಒಂದು ಯೋಚನೆ ಮಾಡಿ. ತೊಂಬತ್ತಾರು ಕೆಜಿಯವನು ಎಪ್ಪತ್ತನಾಲ್ಕಿದೀನಿ ಅಂತ ನಂಬೋ ಹಾಗೆ ಹಾರಿಸಿದಳಲ್ಲ, ಆ ಕೈನ ಹೊರಗೆ ಹಾಕಿ ಇಲ್ಲಿ ಹೆಲ್ಮೆಟ್ ಇಡ್ತೀರಾ?"

ಮಾಲೀಕರು ಕರವಸ್ತ್ರ ಬಿಚ್ಚಿ ಹಲ್ಲು ನೋಡಿದರು, ಅಣ್ಣನ ಹೊಟ್ಟೆ ನೋಡಿದರು, ನನ್ನ ಪೆಟ್ಟಿಗೆ ನೋಡಿದರು. ಆಮೇಲೆ ಹೋಗಿ ಬಳೆಯನ್ನು ಮೇಲಕ್ಕೆ ಸರಿಸಿ ಅಜ್ಜಿಯ ಮೇಲೆ ಕೂತರು. ಬಳೆ ಎಂಬತ್ತೊಂದಕ್ಕೆ ನಿಂತಿತು.

"ಎಪ್ಪತ್ಮೂರು ಅಂದಿದ್ರಿ?" ಎಂದೆ ಮೂಗು ಒರೆಸಿಕೊಳ್ಳುತ್ತ.

"ಮದುವೇಲಿ ಅಷ್ಟಿದ್ದೆ," ಎಂದರು ಮಾಲೀಕರು ಹಲ್ಲಿನ ಸಂದಿನಿಂದ ಗಾಳಿ ಬಿಡುತ್ತ. "ನಾಳೆ ನನ್ನ ಬೈಕ್ ಮೊದಲು ಮಾಡಿ ಮೇಡಂ. ಆ ಪೆಟ್ಟಿಗೆ ಕೆಳಗಿಡಿ."

ಆಮೇಲೆ ಸಾಲು ನಿಂತಿತು. ಅಂಚೆಯಣ್ಣ ಹಲಗೆಯಲ್ಲಿದ್ದುದಕ್ಕಿಂತ ಐದು ಹೆಚ್ಚು, ಮೇಷ್ಟ್ರು ಒಂಬತ್ತು ಹೆಚ್ಚು. ಗಣಿತದವರಾದ್ದರಿಂದ ಅವರಿಗೆ ಹೆಚ್ಚು ನಾಚಿಕೆಯಾಯಿತು. ಅಣ್ಣ ತಾನೇ ಸೀಮೆಸುಣ್ಣ ಹಿಡಿದು, ಎಲ್ಲರದನ್ನೂ ಒರೆಸಿ, ಹೊಸದಾಗಿ ಬರೆದ. ಮೊದಲ ಸಾಲಿನಲ್ಲಿ ತನ್ನ ತೊಂಬತ್ತಾರನ್ನೇ ಬರೆದುಕೊಂಡ. ನಾನು ಬೆಂಚಿಗೆ ಒರಗಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಅವನು ಕೊನೆಯ ಸಾಲಿಗೆ ಬಂದು ನಿಂತ. ಐವತ್ತೆಂಟು.

"ಪುಟ್ಟಿ, ನಿನ್ನ ಬೈಕು ಈಗಲೂ ಮುಗ್ಗರಿಸ್ತಿದೆಯಾ?"

"ಎಣ್ಣೆ ಸರಿಯಿಲ್ಲ ಅಣ್ಣ," ಎಂದೆ. "ನಾಳೆ ಬದಲಿಸ್ಬೇಕು."

ಅವನು ಬಗ್ಗಿ ಅಜ್ಜಿಯ ಬಳೆಯನ್ನು ಮೇಲಕ್ಕೆ ಸರಿಸಿದ, ಹ್ಯಾಂಡಲ್ ಹಿಡಿದುಕೊಂಡು ಪಕ್ಕಕ್ಕೆ ನಿಂತ. ಸೈಕಲ್ ಕಲಿಸುವಾಗ ಹಾಗೆಯೇ ನಿಲ್ಲುತ್ತಿದ್ದ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಛಾವಣಿ ನೋಡಿದೆ.

ಆಮೇಲೆ ಬೂಟು ಹಾಕಿಕೊಂಡು ಹತ್ತಿದೆ. ಅಜ್ಜಿ ಉಸ್ಸೆಂದಳು.