ನಡುಗೆರೆ

ಜೋಲೀನ್ ವೊಂಡ್ರಾ ಮತ್ತೆ ನಿಂತುಬಿಟ್ಟಳು.

ಚೆಂಡು ಕೈಯಲ್ಲಿತ್ತು, ಎದುರಿಗೆ ಒಂದು ನರಪಿಳ್ಳೆಯೂ ಇರಲಿಲ್ಲ, ಬುಟ್ಟಿ ಬಾ ಬಾ ಎಂದು ಕರೆಯುತ್ತಿತ್ತು. ಆದರೆ ಬ್ಯಾಸ್ಕೆಟ್‌ಬಾಲ್ ಅಂಕಣದ ನಡುಗೆರೆ ಬಂದದ್ದೇ ತಡ, ಅವಳ ಎರಡೂ ಕಾಲು ನೆಲ ಕಚ್ಚಿದವು. ಚೆಂಡನ್ನು ಎದೆಗೊತ್ತಿ ಹಿಡಿದು, ಆಚೆ ಕಡೆ ಯಾರಿಗಾದರೂ ಎಸೆಯೋಣವೆಂದು ಕತ್ತು ಉದ್ದ ಮಾಡಿ ನೋಡಿದಳು. ಹಿಂದಿನಿಂದ ಶರವೇಗದಲ್ಲಿ ಓಡಿಬರುತ್ತಿದ್ದ ತಂಡದ ಗೆಳತಿ ರೊಶೆಲ್ ಬ್ಯಾಂಕ್ಸ್ ಡಿಕ್ಕಿ ಹೊಡೆದಳು. ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು.

"ಏನೇ ಮಾರಾಯ್ತಿ, ಆ ಗೆರೆಗೆ ಕರೆಂಟ್ ಬಿಟ್ಟಿದಾರೇನೇ?" ರೊಶೆಲ್ ಮೊಣಕೈ ಉಜ್ಜಿಕೊಳ್ಳುತ್ತ ಎದ್ದಳು. "ನಮ್ಮ ಫಿಲಡೆಲ್ಫಿಯಾದಲ್ಲಿ ಪೊಲೀಸ್ ಕೈ ಅಡ್ಡ ಹಿಡಿದ್ರೂ ಯಾರೂ ಹೀಗೆ ನಿಲ್ಲಲ್ಲ!"

"ನಾನೆಲ್ಲೇ ನಿಂತೆ? ಕಾಲು ನಿಲ್ತು," ಎಂದಳು ಜೋಲೀನ್.

ತರಬೇತುದಾರ ಮರ್ಲ್ ಟೈಗ್ ಟೋಪಿ ತೆಗೆದು ನೆಲಕ್ಕೆ ಬಡಿದ. ಆ ವಾರದಲ್ಲಿ ಅದು ಮೂರನೆಯ ಸಲ. ಮೂವತ್ತು ವರ್ಷ ಗಂಡುಹುಡುಗರಿಗೆ ಆಟ ಕಲಿಸಿದ್ದ ಮನುಷ್ಯ, ಈ ರೋಗವನ್ನು ಅವನು ಎಲ್ಲೂ ಕಂಡಿರಲಿಲ್ಲ.

"ನೋಡು ವೊಂಡ್ರಾ, ನಿನ್ನಷ್ಟು ಚೆನ್ನಾಗಿ ಚೆಂಡು ಕಸ್ಕೊಳ್ಳೋಳು ಇಡೀ ಲೀಗಲ್ಲಿಲ್ಲ. ಕಸ್ಕೊಂಡು ಅದನ್ನ ಮಗು ಥರ ಎತ್ಕೊಂಡು ನಿಲ್ತೀಯಲ್ಲ, ಅದಕ್ಕೇನ್ ಮಾಡ್ಲಿ? ಭಾನುವಾರ ಟೊಪೀಕಾ ಮೇಲೆ ಆಟ. ಅದು ಮುಗೀತಿದ್ದ ಹಾಗೆ ಹನ್ನೆರಡು ಜನದಲ್ಲಿ ಒಬ್ಬಳನ್ನ ಮನೆಗೆ ಕಳಿಸ್ಬೇಕು, ಲೀಗಿನವರು ಹನ್ನೊಂದೇ ಅಂದಿದಾರೆ. ಯಾರು ಅಂತ ನನ್ನ ಬಾಯಿಂದ ಹೇಳಿಸ್ಬೇಡ."

ಜೋಲೀನ್ ತಲೆ ತಗ್ಗಿಸಿದಳು. ಮನೆಗೆ ಹೋಗುವುದೆಂದರೆ ಕೋಳಿಮರಿ ಮಾಡಿಸುವ ಮೊಟ್ಟೆ ಕೇಂದ್ರಕ್ಕೆ ಹೋಗುವುದು. ಐದು ವರ್ಷ ಅಲ್ಲಿ ದೀಪದ ಮುಂದೆ ಕೂತು, ಒಂದೊಂದೇ ಮೊಟ್ಟೆ ಎತ್ತಿ ಹಿಡಿದು, ಒಳಗೆ ಜೀವ ಇದೆಯೋ ಇಲ್ಲವೋ ಎಂದು ನೋಡಿದ್ದಳು. ಹೆಂಗಸರಿಗೂ ಒಂದು ವೃತ್ತಿ ಲೀಗ್ ಶುರುವಾಗುತ್ತದೆ, ಆಯ್ಕೆಗೆ ಯಾರು ಬೇಕಾದರೂ ಬರಬಹುದು ಎಂದು ರೇಡಿಯೋದಲ್ಲಿ ಕೇಳಿದ ದಿನ ಅವಳ ಕೈಯಿಂದ ಮೊದಲ ಸಲ ಒಂದು ಮೊಟ್ಟೆ ಜಾರಿತ್ತು. ಇನ್ನೂರು ಹುಡುಗಿಯರಲ್ಲಿ ಲಾರ್ಕ್ಸ್ ತಂಡಕ್ಕೆ ಆರಿಸಿದ್ದು ಹನ್ನೆರಡು ಜನರನ್ನು. ಅದರಲ್ಲಿ ತಾನೊಬ್ಬಳು ಎಂಬುದನ್ನು ಅವಳು ಈಗಲೂ ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ ನೆನಪಿಸಿಕೊಳ್ಳುತ್ತಿದ್ದಳು.

ಅವಳ ಕಾಲಿನ ಕಥೆ ನಮ್ಮ ಐಯೋವಾ ರಾಜ್ಯದವರಿಗೆ ಮಾತ್ರ ಗೊತ್ತು. ನಮ್ಮ ಶಾಲೆಗಳಲ್ಲಿ ಹುಡುಗಿಯರದು ಆರು ಜನರ ಆಟ. ಮೂವರು ಫಾರ್ವರ್ಡುಗಳು ಗೆರೆಯ ಆ ಕಡೆ, ಮೂವರು ಗಾರ್ಡುಗಳು ಈ ಕಡೆ. ಬುಟ್ಟಿಗೆ ಹಾಕುವವರು ಹಾಕುತ್ತಲೇ ಇರಬೇಕು, ತಡೆಯುವವರು ತಡೆಯುತ್ತಲೇ ಇರಬೇಕು, ನಡುಗೆರೆಯನ್ನು ಯಾರೂ ದಾಟುವಂತಿಲ್ಲ. ಚೆಂಡನ್ನು ಎರಡು ಸಲಕ್ಕಿಂತ ಹೆಚ್ಚು ಪುಟಿಸುವಂತಿಲ್ಲ. ಗಾರ್ಡನ್ನು ಯಾರಾದರೂ ಕೆಡವಿದರೂ ಆ ತಪ್ಪಿಗೆ ಕೊಡುವ ಉಚಿತ ಎಸೆತ ಆ ಕಡೆಯ ಫಾರ್ವರ್ಡಿಗೇ ಸಿಗುತ್ತಿತ್ತು. ಜೋಲೀನ್ ಏಳನೇ ತರಗತಿಯಿಂದ ಗಾರ್ಡು. ಆರು ವರ್ಷದಲ್ಲಿ ಒಂದೇ ಒಂದು ಸಲವೂ ಬುಟ್ಟಿಗೆ ಎಸೆದವಳಲ್ಲ. ಇದನ್ನು ಕೇಳಿ ನಗುವವರು ನಗಲಿ. ಗಂಡುಹುಡುಗರ ಆಟಕ್ಕೆ ಅಪ್ಪಂದಿರು ಬರುತ್ತಿದ್ದರು, ಹುಡುಗಿಯರ ಆಟಕ್ಕೆ ಊರೇ ಬಾಗಿಲು ಹಾಕಿಕೊಂಡು ಬರುತ್ತಿತ್ತು.

ಜೋಲೀನಳ ತಾಯಿ ಅಡೆಲಾ ವೊಂಡ್ರಾ ಕೂಡ ತನ್ನ ಕಾಲದಲ್ಲಿ ಗಾರ್ಡು, ಅದೂ ಎಂಥ ಗಾರ್ಡು! ನಲವತ್ತೈದನೇ ಇಸವಿಯಲ್ಲಿ ಅವಳ ಎದುರು ಆಡಿದ ಫಾರ್ವರ್ಡೊಬ್ಬಳು ಆಟದ ನಡುವೆಯೇ ಅಳುತ್ತ ಮನೆಗೆ ಹೋದಳಂತೆ. ಮಗಳಿಗೆ ಎಂಟು ವರ್ಷವಾದಾಗ ಅಡೆಲಾ ಟ್ರ್ಯಾಕ್ಟರ್ ಕೊಟ್ಟಿಗೆಯ ನೆಲದಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆದು, ದಿನಾ ಸಂಜೆ ಅದರವರೆಗೆ ಓಡಿಸುತ್ತಿದ್ದಳು. ಷೂವಿಗೆ ಸುಣ್ಣ ಅಂಟಿದರೆ ಕೊಟ್ಟಿಗೆ ಸುತ್ತ ಹತ್ತು ಸುತ್ತು. ಹಾಗಾಗಿ ಜೋಲೀನಳ ಕಾಲಿಗೆ ಬ್ರೇಕು ಹಾಕಿದವಳು ಅವಳ ತಾಯಿಯೇ.

"ಐದು ಜನದ ಆಟ ಒಂದು ಆಟವೇನೇ?" ಎಂದು ಆ ಗುರುವಾರವೂ ಅಡೆಲಾ ಗಸಗಸೆ ತುಂಬಿದ ಕೊಲಾಚಿ ಬನ್ನಿಗೆ ಹಿಟ್ಟು ನಾದುತ್ತ ಶುರುಮಾಡಿದಳು. "ಎಲ್ಲರೂ ಎಲ್ಲಾ ಕಡೆ ಓಡ್ತಾರೆ. ಬೇಲಿ ಮುರಿದ ದನದ ಹಾಗೆ."

"ಭಾನುವಾರ ಬಾಮ್ಮ. ಅದೇ ನನ್ನ ಕೊನೇ ಆಟ ಆಗಬಹುದು."

ಅಡೆಲಾಳ ಕೈ ಹಿಟ್ಟಿನಲ್ಲೇ ನಿಂತಿತು. "ಯಾಕೆ?"

"ಗೆರೆ ಹತ್ರ ನಿಲ್ತೀನಿ."

ತಾಯಿ ಬೇಕಿಲ್ಲದಷ್ಟು ಜೋರಾಗಿ ಹಿಟ್ಟು ಗುದ್ದತೊಡಗಿದಳು.

ಭಾನುವಾರ ಮಧ್ಯಾಹ್ನ ಜಾತಿ ದನಗಳ ಹರಾಜು ನಡೆಯುವ ದೊಡ್ಡ ಹಾಲಿನಲ್ಲಿ ಮರದ ಹಲಗೆ ಜೋಡಿಸಿ ಅಂಕಣ ಮಾಡಿದ್ದರು. ಸಗಣಿ ವಾಸನೆಯನ್ನು ಪಾಪ್‌ಕಾರ್ನ್ ವಾಸನೆ ಮುಚ್ಚಲು ನೋಡಿ ಸೋತಿತ್ತು. ಹೊರಗೆ ಮಂಡಿಯುದ್ದ ಹಿಮ, ಒಳಗೆ ಎರಡು ಸಾವಿರ ಜನ. ಅರ್ಧಕ್ಕರ್ಧ ಹೆಂಗಸರು. ಐವತ್ತು ಅರವತ್ತು ದಾಟಿದವರು, ತಲೆಗೆ ಸ್ಕಾರ್ಫ್ ಕಟ್ಟಿದವರು, ಒಂದು ಕಾಲದಲ್ಲಿ ಒಬ್ಬೊಬ್ಬರೂ ಒಂದೊಂದು ಊರಿನ ಗಾರ್ಡೋ ಫಾರ್ವರ್ಡೋ ಆಗಿದ್ದವರು. ಆಟ ಶುರುವಾಗುವ ಮೊದಲೇ ಅವರ ತೀರ್ಪು ಹೊರಬೀಳುತ್ತಿತ್ತು.

"ಆ ಏಳನೇ ನಂಬರಿನವಳಿಗೆ ಸೊಂಟ ಬಗ್ಗಲ್ಲ ಕಣೇ."

"ಬಗ್ಗೋ ವಯಸ್ಸಲ್ಲಿ ನಿನಗೆಷ್ಟು ಬಗ್ತಿತ್ತು, ನೋಡಿದೀನಿ ಸುಮ್ನಿರು."

ಆಟವೆಂದರೆ ಆಟ! ಟೊಪೀಕಾದವರು ಇಪ್ಪತ್ತು ಹಾಕಿದರೆ ಲಾರ್ಕ್ಸ್ ಇಪ್ಪತ್ತೊಂದು. ರೊಶೆಲ್ ಗಾಳಿಯಲ್ಲಿ ಹಾರಿ ತಿರುಗಿ ಹಾಕಿದ ಒಂದು ಬುಟ್ಟಿಗೆ ಪಾದ್ರಿಯೊಬ್ಬರು ಕುರ್ಚಿ ಹತ್ತಿ ನಿಂತರು. ಟೈಗ್ ಜೋಲೀನಳನ್ನು ಮೊದಲ ಅರ್ಧದಲ್ಲಿ ಇಳಿಸಲೇ ಇಲ್ಲ. ಕೊನೆಯ ಪಾಳಿಯಲ್ಲಿ ಟೊಪೀಕಾದ ಕೆಂಪುಕೂದಲಿನ ಹುಡುಗಿಯೊಬ್ಬಳು ಎದುರು ಬಂದವರನ್ನೆಲ್ಲ ಬೇಸ್ತು ಬೀಳಿಸುತ್ತ ಹೋದಾಗ ಅವನಿಗೆ ಬೇರೆ ದಾರಿ ಇರಲಿಲ್ಲ.

"ವೊಂಡ್ರಾ! ಆ ಕೆಂಪುಕೂದಲಿನ ಬೆನ್ನು ಬಿಡ್ಬೇಡ. ಚೆಂಡು ಸಿಕ್ಕಿದ್ರೆ ರೊಶೆಲ್‌ಗೆ ಕೊಡು. ಬೇರೇನೂ ಮಾಡ್ಬೇಡ, ನಿನ್ನ ಕಾಲಿಗೆ ಬೀಳ್ತೀನಿ."

ಜೋಲೀನ್ ಬೆನ್ನು ಬಿಡಲಿಲ್ಲ. ಕೆಂಪುಕೂದಲಿನವಳು ಉಸಿರಾಡಿದರೆ ಇವಳ ಮುಖಕ್ಕೆ ತಾಗಬೇಕು, ಹಾಗೆ ಅಂಟಿಕೊಂಡಳು. ಮೂರು ಸಲ ಚೆಂಡು ಕಿತ್ತಳು, ಮೂರು ಸಲವೂ ರೊಶೆಲ್‌ಗೆ ಕೊಟ್ಟಳು. "ಅಡೆಲಾ, ನಿನ್ನ ಮಗಳೇನೇ ಅದು?" ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಅಡೆಲಾ ಕೊಲಾಚಿ ಡಬ್ಬಿಯನ್ನು ತೊಡೆಯ ಮೇಲೆ ಅವುಚಿ ಹಿಡಿದಿದ್ದಳು.

ಎಂಟು ಸೆಕೆಂಡು ಉಳಿದಿತ್ತು. ಟೊಪೀಕಾ ತೊಂಬತ್ಮೂರು, ಲಾರ್ಕ್ಸ್ ತೊಂಬತ್ತೆರಡು. ಕೆಂಪುಕೂದಲಿನವಳು ಚೆಂಡನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. ಕಣ್ಣೆವೆಯಿಕ್ಕುವಷ್ಟರಲ್ಲಿ ಜೋಲೀನಳ ಕೈ ನಡುವೆ ಹೋಗಿ ಬಂತು.

ಚೆಂಡು ಅವಳದಾಯಿತು. ಮುಂದೆ ಯಾರೂ ಇಲ್ಲ. ರೊಶೆಲ್ ಹಿಂದೆಲ್ಲೋ ನೆಲದ ಮೇಲೆ ಬಿದ್ದಿದ್ದಾಳೆ. ಜೋಲೀನ್ ಓಡಿದಳು, ಒಂದು ಸಲ ಪುಟಿಸಿದಳು, ಎರಡು ಸಲ ಪುಟಿಸಿದಳು.

ನಿಂತಳು.

ಗಂಡಸರೆಲ್ಲ ಬಾಯಿಗೆ ಬಂದಂತೆ ಕಿರುಚಿದರು. ಹೆಂಗಸರು ಕಿರುಚಲಿಲ್ಲ. ಸಾವಿರ ಹೆಂಗಸರ ಉಸಿರು ಒಟ್ಟಿಗೆ ಒಳಗೆ ಹೋಯಿತು, ಏಕೆಂದರೆ ಅವರಲ್ಲಿ ಒಬ್ಬೊಬ್ಬರ ಕಾಲೂ ಅವಳ ಜೊತೆಗೇ ನಿಂತಿತ್ತು. ಆ ಹೆಂಗಸರ ನಡುವಿನಿಂದ ಒಂದು ದನಿ ಬಂತು. ಹೊಲದ ಆ ತುದಿಯಲ್ಲಿದ್ದವರನ್ನು ಊಟಕ್ಕೆ ಕರೆದು ಕರೆದು ಗಟ್ಟಿಯಾದ ಅಡೆಲಾಳ ದನಿ.

"ದಾಟೇ! ಜೋಲೀನ್, ದಾಟೇ!"

ಅವಳು ದಾಟಿದಳು. ಕಣ್ಣು ಮುಚ್ಚಿಕೊಂಡು ದಾಟಿದಳೆಂದೇ ಹೇಳಬೇಕು. ಆದರೆ ನಿಂತ ಆ ಒಂದು ಗಳಿಗೆ ಕೆಂಪುಕೂದಲಿನವಳಿಗೆ ಸಾಕಾಗಿತ್ತು. ಬುಟ್ಟಿಯಡಿ ಜೋಲೀನ್ ಹಾರಿದಾಗ ಅವಳು ಹಿಂದಿನಿಂದ ಬಂದು ಕೈಗೆ ಹೊಡೆದಳು. ಸೀಟಿ ಮೊಳಗಿತು. ಎರಡು ಉಚಿತ ಎಸೆತ, ಒಂದು ಸೆಕೆಂಡು ಬಾಕಿ.

ಈಗ ಜೋಲೀನಳ ಜೀವ ಬಾಯಿಗೆ ಬಂತು. ಆಟದ ನಡುವೆ ಇಂಥ ಎಸೆತವನ್ನು ಅವಳು ಹುಟ್ಟಿದಮೇಲೆ ಹಾಕಿರಲಿಲ್ಲ. ಯಾರು ಹಾಕಬೇಕೆಂದು ಅಭ್ಯಾಸಬಲದಿಂದ ಆ ಕಡೆ ಈ ಕಡೆ ನೋಡಿದಳು.

"ನನ್ನ ಮುಖ ಏನ್ ನೋಡ್ತೀಯ? ನೀನೇ ಕಣೇ ಹಾಕ್ಬೇಕು," ಎಂದಳು ರೊಶೆಲ್, ಹತ್ತಿರ ಬಂದು. "ಮೊಟ್ಟೆ ಹಿಡಿದವಳು ತಾನೇ? ಒಡೀದ ಹಾಗೆ ಮೇಲಿಡು, ಅಷ್ಟೆ."

ಮೊದಲನೆಯದು ಬುಟ್ಟಿಗೂ ತಾಗಲಿಲ್ಲ, ಬಲೆಗೂ ತಾಗಲಿಲ್ಲ. ನೇರ ಹೋಗಿ ಟೊಪೀಕಾದವಳೊಬ್ಬಳ ತಲೆಗೆ ಬಿತ್ತು. ಹಾಲಿನಲ್ಲಿ ಯಾರೋ ನಕ್ಕರು, ಅವರ ಪಕ್ಕದವಳು ಅವರಿಗೆ ಮೊಣಕೈಯಿಂದ ತಿವಿದಳು. ಎರಡನೆಯದನ್ನು ಜೋಲೀನ್ ತುಂಬ ಜೋರಾಗಿ ಎಸೆದಳು. ಅದು ಬುಟ್ಟಿಯ ಹಿಂದಿನ ಹಲಗೆಗೆ ಬಡಿದು, ಬಳೆಯ ಮೇಲೆ ಎರಡು ಸಲ ಕುಣಿದು, ಮನಸ್ಸಿಲ್ಲದ ಮನಸ್ಸಿನಿಂದ ಒಳಗೆ ಬಿತ್ತು.

ತೊಂಬತ್ಮೂರು, ತೊಂಬತ್ಮೂರು! ಹರಾಜು ಹಾಲಿನ ಸೂರು ಹಾರಿಹೋಗುವಂತೆ ಕೂಗು ಎದ್ದಿತು.

ಹೆಚ್ಚುವರಿ ಐದು ನಿಮಿಷದ ಆಟದಲ್ಲಿ ಟೈಗ್ ಅವಳನ್ನು ಹೊರಗೆ ಕರೆಯಲಿಲ್ಲ. ಟೋಪಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕೂತಿದ್ದ. ತೊಂಬತ್ತೊಂಬತ್ತು ಸಮ ಸಮ ಇದ್ದಾಗ, ಹನ್ನೊಂದು ಸೆಕೆಂಡು ಬಾಕಿ ಇರುವಾಗ, ಟೊಪೀಕಾದವರ ಒಂದು ಎಸೆತ ಬಳೆಗೆ ಬಡಿದು ಚಿಮ್ಮಿತು. ಜೋಲೀನ್ ಅದನ್ನು ಹಿಡಿದು ಓಡಿದಳು. ಮೂರು ಸಲ ಪುಟಿಸಿದಳು, ನಾಲ್ಕು, ಐದು, ಎಷ್ಟೋ ಸಲ. ಕೆಂಪುಕೂದಲಿನವಳ ಹೆಜ್ಜೆ ಬೆನ್ನ ಹಿಂದೆ ಕೇಳುತ್ತಿತ್ತು. ಬುಟ್ಟಿಯೊಂದೇ ಕಾಣುತ್ತಿತ್ತು. ಹಾರಿ, ಹಲಗೆಗೆ ಮೆಲ್ಲಗೆ ತಾಗಿಸಿ ಬಿಟ್ಟಳು. ಚೆಂಡು ಒಳಗೆ ಬಿತ್ತು.

ಗಂಟೆ ಬಾರಿಸಿದ ಮೇಲೆ ರೊಶೆಲ್ ಅವಳನ್ನು ಸೊಂಟ ಹಿಡಿದು ಎತ್ತಿ ತಿರುಗಿಸಿದಳು. "ದಾಟಿದ್ಯಲ್ಲೇ, ಕಳ್ಳಿ! ನಿಲ್ಲಲೇ ಇಲ್ಲ!"

"ಯಾವಾಗ?" ಎಂದಳು ಜೋಲೀನ್. ನಿಜವಾಗಿಯೂ ಅವಳಿಗೆ ಗೊತ್ತಿರಲಿಲ್ಲ.

ಟೈಗ್ ಬಂದ. ಟೋಪಿಯ ಅಂಚು ಒದ್ದೆಯಾಗಿತ್ತು. "ಮುಂದಿನ ಆಟಕ್ಕೆ ನಾಳೆ ಒಂಬತ್ತಕ್ಕೆ ಬಸ್ಸು, ವೊಂಡ್ರಾ. ತಡ ಮಾಡಿದ್ರೆ ಬಿಟ್ಟು ಹೋಗ್ತೀನಿ," ಎಂದು ಹೇಳಿ, ಅವಳ ಮುಖ ನೋಡದೆ ಹೋಗಿಬಿಟ್ಟ. ಹನ್ನೆರಡರಲ್ಲಿ ಯಾರ ಹೆಸರು ಹೋಯಿತೆಂದು ಕೇಳುವ ಧೈರ್ಯ ಅವಳಿಗಾಗಲಿಲ್ಲ. ಬುಟ್ಟಿಯ ಕೆಳಗೆ ಕೂತು, ಷೂ ಬಿಚ್ಚಿ ಪಕ್ಕಕ್ಕಿಟ್ಟಳು.

ಜನ ಕರಗಿದ ಮೇಲೆ ಅಡೆಲಾ ಮಗಳ ಉಣ್ಣೆ ಕೋಟನ್ನು ಕೈಯಲ್ಲಿ ಹಿಡಿದು ಅಂಕಣಕ್ಕೆ ಇಳಿದಳು. ಸರಸರ ನಡೆದು ಬಂದವಳು ನಡುಗೆರೆಯ ಹತ್ತಿರ ನಿಂತಳು. ಅಲ್ಲಿಂದಲೇ ಕೋಟನ್ನು ಮುಂದಕ್ಕೆ ಚಾಚಿದಳು.

"ಬೆವರಿದೀಯ. ಹಾಕ್ಕೋ, ಹೊರಗೆ ಚಳಿ."

"ಇಲ್ಲಿಗೇ ತಗೊಂಡು ಬಾಮ್ಮ, ಏಳಕ್ಕಾಗ್ತಿಲ್ಲ."

"ಬಂದೆ," ಎಂದಳು ಅಡೆಲಾ. ಬರಲಿಲ್ಲ. ತನ್ನ ಹಿಮದ ಬೂಟುಗಳನ್ನು ನೋಡಿಕೊಂಡಳು.

ಜೋಲೀನ್ ಬರಿಗಾಲಲ್ಲೇ ಎದ್ದು ಬಂದು ಕೋಟಿನ ಒಂದು ತೋಳು ಹಿಡಿದು ಮೆಲ್ಲಗೆ ಎಳೆದಳು. ಇನ್ನೊಂದು ತೋಳನ್ನು ಬಿಡದೆ ಅಡೆಲಾ ಒಂದು ಬೂಟನ್ನು ಗೆರೆಯಾಚೆ ಇಟ್ಟಳು. ಇಟ್ಟು, ಯಾರಾದರೂ ಸೀಟಿ ಊದುತ್ತಾರೇನೋ ಎಂದು ಖಾಲಿ ಹಾಲಿನತ್ತ ಒಮ್ಮೆ ತಿರುಗಿ ನೋಡಿದಳು.