ಬಿಚ್ಚದ ಅಂಗೈ

ಆದಪ್ಪ ಎಡಗೈಯ ಬೆರಳುಗಳನ್ನು ಬಲಗೈಯಿಂದ ಒಂದೊಂದಾಗಿ ಬಿಡಿಸಿ, ಪೂಜೆಗೆಂದು ಇಷ್ಟಲಿಂಗವನ್ನು ಅಂಗೈ ಮೇಲಿಟ್ಟುಕೊಂಡ. ವಿಭೂತಿಗೆಂದು ಬಲಗೈ ತೆಗೆದದ್ದೇ ತಡ, ನಡುಬೆರಳು, ಉಂಗುರಬೆರಳು ಮತ್ತೆ ಮಡಚಿಕೊಂಡವು, ಲಿಂಗ ವಾಲಿತು. ಬಲಗೈಯಿಂದ ಥಟ್ಟನೆ ಹಿಡಿದುಕೊಂಡ. ನೆಲಕ್ಕೆ ಬಿದ್ದಿದ್ದರೆ? ಬಾಡಿಗೆಯ ಆ ಕೋಣೆಯಲ್ಲಿ ನೆರವಿಗೆ ಕರೆಯಲು ಯಾರೂ ಇರಲಿಲ್ಲ. ಇದ್ದರೂ ಅವನ ಲಿಂಗವನ್ನು ಬೇರೆಯವರು ಮುಟ್ಟುವಂತಿರಲಿಲ್ಲ.

ಸಾಂಗಲಿಯ ಕಾರಖಾನೆಯೊಂದರಲ್ಲಿ ಕಬ್ಬಿಣದ ನೇಗಿಲುಗಳಿಗೆ ತುಕ್ಕು ಹಿಡಿಯದಂತೆ ಶೇಂದೂರ ಬಳಿಯುವುದು ಅವನ ಕೆಲಸ. ಎರಡೂ ಕೈಯಿಂದ ಕೆಂಪು ಪುಡಿಯನ್ನು ಎಣ್ಣೆಯಲ್ಲಿ ಕಲಸಿ, ಅರಿವೆ ಅದ್ದಿ ಎಡಗೈಯಿಂದ ಬಳಿಯುತ್ತಿದ್ದ, ಹುಟ್ಟಾ ಎಡಚ. ಮಾರುತಿಗೆ ಹಚ್ಚುವುದೂ ಇದೇ ಎಂದು ಅಲ್ಲಿ ಯಾರೂ ಕೈ ತೊಳೆಯುವ ಗೋಜಿಗೆ ಹೋಗುತ್ತಿರಲಿಲ್ಲ. ಕೆಂಪು ಬೆರಳಿನಲ್ಲೇ ರೊಟ್ಟಿ ಮುರಿಯುತ್ತಿದ್ದರು.

ಬೆರಳು ಮಡಚಿದ್ದು ಕಣ್ಣಿಗೆ ಬಿದ್ದ ಮೇಲೆ ಊಟದ ಸಾಲಿನಲ್ಲಿ ಅವನ ಪಕ್ಕದ ಜಾಗ ಖಾಲಿಯಾಯಿತು. ಯಾರೋ ಅವನ ತಂಬಿಗೆಯನ್ನು ಬೇವಿನ ಬುಡಕ್ಕೆ ಒಯ್ದಿಟ್ಟರು. ಕುಷ್ಠ, ಮಹಾರೋಗ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವನಿಗೂ ಅದೇ ಅಂಜಿಕೆ. ಅದಕ್ಕೇ ಯುಗಾದಿಗೂ ಲಿಂಗನೂರಿಗೆ, ಹೆಂಡತಿ ನೀಲಗಂಗವ್ವನ ಬಳಿಗೆ ಹೋಗಿರಲಿಲ್ಲ.

ಲಿಂಗ ವಾಲಿದ ದಿನ ಮಾತ್ರ ತಡೆಯಲಾಗದೆ ಮಿರಜಿನ ದವಾಖಾನೆಗೆ ಹೋದ. ಡಾಕ್ಟರ್ ಶ್ರೀಪಾಲ ಬೆರಳಿಗೆ ಸೂಜಿ ಚುಚ್ಚಿದರು.

“ಯಪ್ಪಾ!”

“ನೋವಾತು, ಹೌದಿಲ್ಲೊ? ಹಂಗಾರ ಆ ರೋಗ ಅಲ್ಲ.” ಆಮೇಲೆ ತುಟಿ ಎತ್ತಿ ನೋಡಿದರು. ಒಸಡಿನ ಅಂಚಿಗೆ ನೀಲಿ ಗೆರೆ. ಕೆಲಸ ಏನೆಂದು ಕೇಳಿ ತಿಳಿದುಕೊಂಡು, “ಶೇಂದೂರದಾಗ ಸೀಸ ಇರತೈತಿ. ರೊಟ್ಟಿ ಕೂಡ ನಿನ್ನ ಹೊಟ್ಟಿಗೆ ಹೋಗಿ ಬೆರಳ ಸೋಲಿಸೈತಿ. ಆ ಕೆಲಸ ಬಿಟ್ಟಬಿಡು. ಬಿಟ್ರ ಕೈ ಸುಧಾರಿಸಬಹುದು,” ಎಂದರು.

“ಮಾರುತಿ ಮೈತುಂಬ ಬಡಕೊಂಡು ನಿಂತಾನಲ್ರಿ, ಅವಗೇನಾಗೇತ್ರಿ?”

“ಮಾರುತಿ ರೊಟ್ಟಿ ತಿನ್ನೂದಿಲ್ಲಲ್ಲಪಾ.”

ಆದಪ್ಪ ನಗುತ್ತಲೇ ಕಾರಖಾನೆಗೆ ಮರಳಿದ. ಮೇಸ್ತ್ರಿ ಬಾಪೂಸಾಹೇಬ ದೂರದಲ್ಲೇ ನಿಂತು ಡಾಕ್ಟರ್ ಏನಂದರೆಂದು ಕೇಳಿದ.

“ರೋಗ ಅಲ್ರಿ, ಈ ಬಣ್ಣದಿಂದ ಆಗೇತಂತ್ರಿ.”

“ಅರೇ ವ್ಹಾ! ನಿನ್ನ ರೋಗ ದೇವರ ಮ್ಯಾಲ ಹಾಕ್ತಿಯೇನೊ? ನಾಳಿಂದ ಬರಬ್ಯಾಡ.”

ಆದಪ್ಪ ಬಣ್ಣ ಬಳಿಯುತ್ತಿದ್ದ ಅರಿವೆ ಆಗಲೇ ಅಮಸಿದ್ದನೆಂಬ ಹೊಸ ಆಳಿನ ಕೈಯಲ್ಲಿತ್ತು. “ಕೈ ತೊಳಕೊಂಡು ಉಣ್ಣಪಾ,” ಎಂದ ಆದಪ್ಪ.

“ಮೊದಲ ನಿನ್ನ ತಂಬಿಗಿ ಒಯ್ಯೊ ಮಾರಾಯ.” ಅಮಸಿದ್ದ ನಕ್ಕು, ಬೆರಳಿನ ಕೆಂಪನ್ನು ಹಣೆಗೊತ್ತಿಕೊಂಡ.

ಲಿಂಗನೂರು ಮುಟ್ಟುವಾಗ ಕತ್ತಲಾಗಿತ್ತು. ನೀಲಗಂಗವ್ವ ಎಲ್ಲವನ್ನೂ ಕೇಳಿ, “ಯುಗಾದಿಗಿ ಹೋಳಿಗಿ ಮಾಡಿ ದಾರಿ ನೋಡಕೋತ ಕುಂತಿದ್ನಿ. ರೋಗ ಆದ್ರ ರೋಗ, ಬಂದು ಹೇಳೂಕ ಏನಾಗಿತ್ರಿ?” ಎಂದಷ್ಟೇ ಅಂದಳು.

ಬೆಳಿಗ್ಗೆ ಜಳಕ ಮಾಡಿ ಪೂಜೆಗೆ ಕೂತ. ಬೆರಳುಗಳು ಮತ್ತೆ ಮಡಚತೊಡಗಿದವು. ಅವಳು ಎದುರಿಗೆ ಬಂದು ಕೂತಳು.

“ಲಿಂಗ ಮುಟ್ಟೂದಿಲ್ರಿ. ನಿಮ್ಮ ಕೈ ಅಷ್ಟ.”

ತನ್ನ ಅಂಗೈಯನ್ನು ಅವನ ಕೈ ಕೆಳಗೆ ಒಡ್ಡಿ, ಹೆಬ್ಬೆರಳಿನಿಂದ ಅವನ ಬೆರಳ ತುದಿಗಳನ್ನು ಹಿಡಿದಳು. ಲಿಂಗ ವಾಲದೆ ನಿಂತಿತು. ಆದರೆ ಆದಪ್ಪನ ದೃಷ್ಟಿ ಅದರ ಮೇಲೆ ನಿಲ್ಲಲಿಲ್ಲ. ಎಷ್ಟು ತಿಕ್ಕಿದರೂ ಉಗುರ ಸಂದಿಯಲ್ಲಿ ಉಳಿದಿದ್ದ ಕೆಂಪು ಅವಳ ಹೆಬ್ಬೆರಳಿಗೆ ಹತ್ತಿತ್ತು.

“ರೊಟ್ಟಿ ಬಡಿಯೂಕಿಂತ ಮೊದಲ ಕೈ ತೊಳಕೊ,” ಎಂದ.

ಅವಳು ನಗಲಿಲ್ಲ. “ತೊಳಕೊಂತೀನ್ರಿ,” ಎಂದಳು.